ಇಲ್ಲದ ಗಡ್ಡದ ಕ್ಷೌರ

ಹೋದ ತಿಂಗಳು ಮಗಳು ನನಗೊಂದು ಗಡ್ಡ ತೆಗೆಯುವ ಯಂತ್ರ ತಂದುಕೊಟ್ಟಳು. ನನ್ನ ಕೈ ನಡುಗುವುದನ್ನು ಅವಳು ಕಂಡಿದ್ದಾಳೆ. ಇನ್ನು ಮೇಲೆ ಬ್ಲೇಡು ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿ ಹೋದಳು. ಯಂತ್ರವನ್ನು ದೂರುವಂತಿಲ್ಲ. ಗುಂಡಿ ಒತ್ತಿದರೆ ಗುಂಯ್ ಎನ್ನುತ್ತದೆ, ಕೆನ್ನೆಯ ಮೇಲೆ ಎರಡು ಸುತ್ತು ಆಡಿಸಿದರೆ ಕೆಲಸ ಮುಗಿಯಿತು. ನೀರು ಬೇಡ, ನೊರೆ ಬೇಡ, ಗಾಯದ ಮೇಲೆ ಉಜ್ಜಲು ಪಟಿಕವೂ ಬೇಡ. ಆದರೂ ಮೊದಲ ದಿನ ಮುಗಿಸಿ ಕನ್ನಡಿ ನೋಡಿಕೊಂಡಾಗ ಏನೋ ಬಾಕಿ ಉಳಿಯಿತು ಎನ್ನಿಸಿತು. ಗಲ್ಲ ತಡವಿ ನೋಡಿದೆ, ನುಣ್ಣಗೇ ಇತ್ತು. ಆಮೇಲೆ ಕಾಫಿ ಕುಡಿಯುವಾಗ ಹೊಳೆಯಿತು: ಇಷ್ಟು ಹೊತ್ತು ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಊರಲ್ಲಿ ಮಳೆ ಆಯಿತೇ, ಮನೆಯಿಂದ ಕಾಗದ ಬಂತೇ, ಊಟಕ್ಕೆ ಏನು ಮಾಡಿಕೊಂಡಿರಿ ಎಂದು ಕೇಳದೆ ಯಾರಾದರೂ ಗಡ್ಡ ತೆಗೆಯುತ್ತಾರೆಯೇ?

ನೀವು ನಗುತ್ತೀರಿ, ಗೊತ್ತು. ಗಡ್ಡ ಬಂದವನು ಕ್ಷೌರದ ಅಂಗಡಿಗೆ ಹೋಗುತ್ತಾನೆ ಎಂದು ನೀವು ತಿಳಿದಿದ್ದೀರಿ. ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ ಗಡ್ಡವಿಲ್ಲದೆಯೇ ದಿನಾ ಹೋಗುತ್ತಿದ್ದವನು. ಆಮೇಲೆ ಗಡ್ಡ ಬಂತು, ಹೊಟ್ಟೆಯವರೆಗೆ ಬಂತೇನೋ ಎನ್ನುವಷ್ಟು ಬಂತು, ಆಗ ಹೋಗಲು ದಾರಿಯೇ ಇಲ್ಲದಂತಾಯಿತು. ಇದನ್ನು ನಾನು ಬಹಳ ಜನಕ್ಕೆ ಹೇಳಿಲ್ಲ. ಹೇಳಬೇಕಾದರೆ ಒಬ್ಬ ಗಂಡಸು ಒಂಟಿಯಾಗಿದ್ದ, ಅವನಿಗೆ ಅದು ತಡೆಯಲಾಗಲಿಲ್ಲ ಎಂದು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ. ಈ ವಯಸ್ಸಿನಲ್ಲಿ ಒಪ್ಪಿಕೊಂಡರೆ ನಷ್ಟವೇನೂ ಇಲ್ಲ.

ಐವತ್ತರ ದಶಕದ ಮಾತು. ನಮ್ಮೂರು ಹಾವೇರಿಯ ಹತ್ತಿರ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಇರಲು ರಾಜಾಜಿನಗರದಲ್ಲಿ ಆಗತಾನೆ ಕಟ್ಟಿ ಮುಗಿಸಿದ್ದ ಸಾಲುಮನೆಗಳಲ್ಲಿ ಒಂದು. ಒಂದು ನಡುಮನೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಕೆಂಪು ಸಿಮೆಂಟಿನ ನೆಲ. ಮುಂದೆ ರಸ್ತೆ ಎಂದು ಕಲ್ಲು ನೆಟ್ಟಿದ್ದರು, ರಸ್ತೆ ಇನ್ನೂ ಬಂದಿರಲಿಲ್ಲ. ಆಚೆಗೆ ಸೈಟುಗಳು, ಸೈಟುಗಳ ತುಂಬ ಲಂಟಾನಾ ಪೊದೆ. ಎಲ್ಲ ಮನೆಗಳೂ ಒಂದೇ ಅಚ್ಚಿನವು, ಬಹಳಷ್ಟಕ್ಕೆ ಇನ್ನೂ ಜನ ಬಂದಿರಲಿಲ್ಲ. ಮೊದಲ ವಾರ ನಾನು ಎರಡು ಸಲ ಬೇರೆ ಮನೆಯ ಬೀಗಕ್ಕೆ ನನ್ನ ಬೀಗದಕೈ ತುರುಕಿ ತಿರುಗಿಸಿದ್ದೇನೆ. ಒಳಗಿನಿಂದ ಯಾರಾದರೂ ಬಂದು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಯಾರೂ ಬರಲಿಲ್ಲ.

ನಮ್ಮೂರ ಮನೆಯಲ್ಲಿ ಹತ್ತೊಂಬತ್ತು ಜನ. ಊಟಕ್ಕೆ ಮೂರು ಪಂಕ್ತಿ. ಮಲಗಿದರೆ ಒಬ್ಬರ ಕಾಲು ಇನ್ನೊಬ್ಬರ ಹೊಟ್ಟೆಯ ಮೇಲೆ. ಓದಿಕೊಳ್ಳಬೇಕೆಂದರೆ ನಾನು ಹಿತ್ತಲಿನ ಹೊಟ್ಟಿನ ಕೋಣೆಗೆ ಹೋಗುತ್ತಿದ್ದೆ, ಐದು ನಿಮಿಷಕ್ಕೆ ಅಲ್ಲಿಗೂ ಒಂದು ಕೂಸನ್ನು ತಂದು ತೊಡೆಯ ಮೇಲೆ ಕೂರಿಸಿ, ನೋಡಿಕೋ ಎಂದು ಹೇಳಿ ಹೋಗುತ್ತಿದ್ದರು. ಅಜ್ಜಿ ಬೆಳಗಿನ ಪೂಜೆಗೆ ಕೂತಾಗ ನಾನೂ ಪಕ್ಕದಲ್ಲಿ ಕೂತು, ನನಗೊಂದು ಕೋಣೆ ಕೊಡು, ಅದರಲ್ಲಿ ಬೇರೆ ಯಾರೂ ಇರಬಾರದು ಎಂದು ಬೇಡಿಕೊಳ್ಳುತ್ತಿದ್ದೆ. ದೇವರು ಧಾರಾಳಿ. ಒಂದು ಕೋಣೆ ಕೇಳಿದವನಿಗೆ ಇಡೀ ಮನೆಯನ್ನೇ ಕೊಟ್ಟುಬಿಟ್ಟ.

ಕಾರ್ಖಾನೆಯಲ್ಲಿ ಜನರಿದ್ದರು. ಆದರೆ ನಾನು ಬಾಯಿ ಬಿಟ್ಟರೆ ಅವರ ಮುಖದಲ್ಲಿ ನಗು ಕಾಣುತ್ತಿತ್ತು. ಕೆಟ್ಟ ನಗುವಲ್ಲ, ನಮ್ಮ ಕಡೆಯ ಕನ್ನಡ ಅವರ ಕಿವಿಗೆ ತಮಾಷೆಯಾಗಿ ಕೇಳುತ್ತಿತ್ತು. ನಾನೂ ಜಾಣನಾದೆ. ಬರ್ತೀನಿ, ಹೋಗ್ತೀನಿ ಎಂದು ಅವರಂತೆ ಆಡುವುದನ್ನು ಕಲಿತೆ. ಎರವಲು ಅಂಗಿ ತೊಟ್ಟವನು ಕೈ ಎತ್ತಲು ಅಂಜುವ ಹಾಗೆ, ಹೆಚ್ಚು ಮಾತಾಡಲು ಅಂಜಿಕೆ. ಒಂದು ಭಾನುವಾರ ಸಂಜೆ ಸುಮ್ಮನೆ ಯೋಚಿಸಿದೆ, ಬೆಳಿಗ್ಗೆಯಿಂದ ನಾನು ಏನು ಮಾತಾಡಿದೆ ಎಂದು. ಹೋಟೆಲಿನಲ್ಲಿ ಸಾರು ಬಡಿಸುವವನಿಗೆ 'ಸಾಕು' ಎಂದಿದ್ದೆ. ಅಷ್ಟೇ. ಮನೆಗೆ ಮಾತ್ರ ವಾರಕ್ಕೊಂದು ಕಾಗದ: ಇಲ್ಲಿ ನಾನು ಕ್ಷೇಮ, ನೀರು ಚೆನ್ನಾಗಿದೆ, ಹವೆ ತಂಪು. ಬೇಸರವಾಗಿದೆ ಎಂದು ಬರೆಯುವುದು ಹೇಗೆ? ಸರ್ಕಾರಿ ಸಂಬಳದಂಥ ಸಂಬಳ ಬರುವ ಮಗನಿಗೆ ಬೇಸರ ಎಂದರೆ ಊರಲ್ಲಿ ಯಾರಿಗೆ ಅರ್ಥವಾದೀತು?

ಮುನಿಯಪ್ಪನ ಅಂಗಡಿ ಕಣ್ಣಿಗೆ ಬಿದ್ದದ್ದು ಆ ದಿನಗಳಲ್ಲಿ. ಮಾಗಡಿ ರಸ್ತೆಯ ಕಡೆಗೆ ಹೋಗುವ ಕಾಲುದಾರಿಯ ಮೂಲೆಯಲ್ಲಿ ತಗಡಿನ ಮಾಡು, ಒಂದು ಕುರ್ಚಿ, ಎದುರುಬದುರು ಎರಡು ಕನ್ನಡಿ, ಗೋಡೆಗೆ ಒಂದು ದೇವರ ಪಟ, ನಾಲ್ಕು ಜನ ಕೂರುವ ಒಂದು ಬೆಂಚು. ಮುನಿಯಪ್ಪನಿಗೆ ನಲವತ್ತೈದು ಇರಬಹುದು. ಅಲ್ಲೇ ಪಕ್ಕದ ಹಳ್ಳಿಯವನು. ತಾತನ ಕಾಲದಿಂದ ಹಳ್ಳಿಯ ಮನೆಗಳಿಗೆ ಹೋಗಿ ಕ್ಷೌರ ಮಾಡುತ್ತಿದ್ದ ಮನೆತನ. ಹಳ್ಳಿಯ ಹೊಲಗಳು ಬಡಾವಣೆಗೆ ಹೋದ ಮೇಲೆ ಇವನು ಅಂಗಡಿ ಇಟ್ಟ. ಕೈ ಬಹಳ ಹಗುರ. ಗಡ್ಡ ನೆನೆಸುತ್ತಾ ಊರು ಕೇಳಿದ, ಸೋಪು ಹಚ್ಚುತ್ತಾ ಅಪ್ಪ ಅಮ್ಮನನ್ನು ಕೇಳಿದ, ಕತ್ತಿ ಆಡಿಸುತ್ತಾ ನಮ್ಮ ಕಡೆ ಜೋಳ ಬಿತ್ತುವುದು ಯಾವಾಗ ಎಂದು ಕೇಳಿದ. ಗಂಟಲಿನ ಹತ್ತಿರ ಕತ್ತಿ ಇದ್ದಾಗ ಉತ್ತರ ಹೇಳಲಾಗುವುದಿಲ್ಲ. ಅವನು ಕತ್ತಿ ಎತ್ತಿ ಕಾಯುತ್ತಿದ್ದ. ನನ್ನ ಉತ್ತರಕ್ಕಾಗಿ ಒಬ್ಬ ಮನುಷ್ಯ ಕೆಲಸ ನಿಲ್ಲಿಸಿ ಕಾದದ್ದು ಬೆಂಗಳೂರಿಗೆ ಬಂದ ಮೇಲೆ ಅದೇ ಮೊದಲು.

ಅಲ್ಲಿಯೇ ಕೆಂಪಣ್ಣನ ಪರಿಚಯವೂ ಆಯಿತು. ಅರವತ್ತು ದಾಟಿದ ಒಕ್ಕಲಿನವರು, ದೊಡ್ಡ ಪೇಟ, ಬಾಯಲ್ಲಿ ಎಲೆಯಡಿಕೆ. ಇಡೀ ಬಡಾವಣೆಯ ಒಂದು ಭಾಗ ಅವರ ಹೊಲವಾಗಿತ್ತು. ಉಳಲು ಹೊಲವಿಲ್ಲ, ಕೂರಲು ಮನೆಯಲ್ಲಿ ಮನಸ್ಸಿಲ್ಲ. ದಿನವೆಲ್ಲ ಅಂಗಡಿಯ ಹೊಸ್ತಿಲಿನ ಬಳಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ನನ್ನ ಮನೆ ಎಲ್ಲಿ ಎಂದು ಕೇಳಿ ತಿಳಿದುಕೊಂಡು, "ಅದು ನಮ್ಮ ಅವರೆ ಹೊಲ ಕಣಪ್ಪ. ಆ ಮಣ್ಣಿನ ಕಾಯಿಗೆ ಸೊಗಡು ಜಾಸ್ತಿ" ಎಂದರು. ಅಂದಿನಿಂದ ನನಗೆ ಅವರೆ ಹೊಲದವನು ಎಂದೇ ಹೆಸರು. ಎದುರು ಸಿಕ್ಕಾಗಲೆಲ್ಲ ಹೊಲ ಹೇಗಿದೆ ಎಂದು ವಿಚಾರಿಸುತ್ತಿದ್ದರು. ಚೆನ್ನಾಗಿದೆ, ಬಚ್ಚಲು ಮಾತ್ರ ಸ್ವಲ್ಪ ಸೋರುತ್ತದೆ ಎಂದು ನಾನು ವರದಿ ಒಪ್ಪಿಸುತ್ತಿದ್ದೆ.

ಮುನಿಯಪ್ಪನಿಗೆ ಒಂದು ನೇಮವಿತ್ತು. ದೀಪ ಹಚ್ಚಿದ ಮೇಲೆ ಕತ್ತಿ ಮುಟ್ಟುವುದಿಲ್ಲ. ಮಂಗಳವಾರ ಅಂಗಡಿ ತೆಗೆಯುವುದಿಲ್ಲ. ನಮ್ಮ ಕಾರ್ಖಾನೆ ಬಿಡುತ್ತಿದ್ದದ್ದು ಐದಕ್ಕೆ. ಸೈರನ್ನು ಕೂಗಿದ ಕೂಡಲೇ ನಾನು ಪೆನ್ಸಿಲು ಎಸೆದು ಓಟ ಕಿತ್ತರೆ, ಸೈಟುಗಳ ನಡುವೆ ಪೊದೆ ಹಾರಿ, ಕಲ್ಲು ಎಡವಿ, ದೀಪದ ಹೊತ್ತಿಗೆ ಮುಂಚೆ ಬೆಂಚಿನ ಮೇಲೆ ಕುಳಿತಿರುತ್ತಿದ್ದೆ. ಆಫೀಸಿನಲ್ಲಿ ನನ್ನನ್ನು ನೋಡಿ, ಇವನಿಗೆ ಯಾರೋ ಹುಡುಗಿ ಗಂಟುಬಿದ್ದಿದ್ದಾಳೆ ಎಂದು ಮಾತಾಡಿಕೊಂಡರು. ದಿನಾ ಸಂಜೆ ನುಣ್ಣಗೆ ಗಡ್ಡ ಮಾಡಿಸಿಕೊಳ್ಳುವವನ ಬಗ್ಗೆ ಇನ್ನೇನು ತಿಳಿದುಕೊಂಡಾರು? ನಿಜ ಹೇಳಬೇಕೆಂದರೆ ನನಗೆ ಆಗ ವಾರಕ್ಕೆ ಎರಡು ಸಲ ಗಡ್ಡ ತೆಗೆದರೆ ಹೆಚ್ಚು. ಮೇಲ್ದುಟಿಯ ಮೇಲೆ ಒಂದಿಷ್ಟು, ಗದ್ದದಲ್ಲಿ ಒಂದಿಷ್ಟು. ಆದರೂ ಕುರ್ಚಿಯ ಮೇಲೆ ಕೂತು ಗಂಭೀರವಾಗಿ ಗಲ್ಲ ಎತ್ತುತ್ತಿದ್ದೆ. ಮುನಿಯಪ್ಪನೂ ಅಷ್ಟೇ ಗಂಭೀರವಾಗಿ ಬಟ್ಟೆ ಹೊದಿಸಿ, ನೊರೆ ಎಬ್ಬಿಸಿ, ಕತ್ತಿಯನ್ನು ಚರ್ಮದ ಪಟ್ಟಿಗೆ ತೀಡಿ, ಎಳೆಯುತ್ತಿದ್ದ.

ಹೀಗೇ ಒಂದು ವರ್ಷ ನಡೆಯಿತು. ಆಮೇಲೆ ಮದುವೆಯಾಯಿತು, ನೀಲಾ ಬಂದಳು. ಅವಳು ಬಂದ ನಾಲ್ಕು ತಿಂಗಳು ನಾನು ಅಂಗಡಿಯ ಕಡೆ ವಾರಕ್ಕೊಮ್ಮೆ ಹೋದರೆ ಹೆಚ್ಚು. ಹೋದಾಗಲೂ ಬೇಗ ಬೇಗ ಎನ್ನುತ್ತಿದ್ದೆ. ಎಂಥ ಕೃತಘ್ನ ನೋಡಿ. ನೀಲಾ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬೀದಿಯವರೆಗೆ ಕೇಳುತ್ತಿತ್ತು. ಆ ಸದ್ದಿಗಾಗಿ ನಾನು ಈಗ ಓಡುತ್ತಿದ್ದೆ. ಆದರೆ ಅವಳಿಗೆ ಬಸಿರು ನಿಂತು, ಕುಡಿದ ನೀರೂ ವಾಂತಿಯಾಗತೊಡಗಿತು. ಅವಳ ತಾಯಿ ಬಂದು, ನೋಡಿ, ಮಗಳನ್ನು ತವರಿಗೆ ಕರೆದುಕೊಂಡು ಹೋದರು. ಮನೆ ಮೊದಲಿಗಿಂತ ದೊಡ್ಡದಾಗಿ ಕಾಣತೊಡಗಿತು. ಮೊದಲು ಅಲ್ಲಿ ಯಾರೂ ಇರಲಿಲ್ಲ. ಈಗ ಅಲ್ಲಿ ನೀಲಾ ಇರಲಿಲ್ಲ. ಇವೆರಡಕ್ಕೂ ಎಷ್ಟು ವ್ಯತ್ಯಾಸ ಎಂಬುದು ಅನುಭವಿಸಿದವನಿಗೆ ಗೊತ್ತು.

ಮತ್ತೆ ಓಟ, ಮತ್ತೆ ಬೆಂಚು. ನಾಲ್ಕು ತಿಂಗಳು ಎಲ್ಲಿ ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ. ಕೆಂಪಣ್ಣ ಮಾತ್ರ, ಹೊಲದಲ್ಲಿ ಈಗ ಯಾರೂ ಇಲ್ಲವೇ ಎಂದು ಕೇಳಿ, ಇಲ್ಲವೆಂದಾಗ ಹೊಸ್ತಿಲಿನಿಂದ ಸರಿದು ದಾರಿ ಬಿಟ್ಟರು.

ಇನ್ನು ನನ್ನ ದಡ್ಡತನದ ಕಥೆ. ನಮ್ಮಲ್ಲಿ ಹೆಂಡತಿ ಬಸುರಿಯಾಗಿ ಐದು ತಿಂಗಳು ತುಂಬಿದರೆ ಹೆರಿಗೆಯಾಗುವವರೆಗೆ ಗಂಡ ಕ್ಷೌರ ಮಾಡಿಸಿಕೊಳ್ಳಬಾರದು ಎಂಬ ಪದ್ಧತಿ. ಗಡ್ಡಕ್ಕೂ ಕತ್ತಿ ಬೇಡ, ತಲೆಗೂ ಕತ್ತರಿ ಬೇಡ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಅವ್ವ ಕಾಗದದಲ್ಲಿ ಎರಡು ಸಲ ಬರೆಸಿದ್ದಳು. ನಾನು ಆ ಕಾಗದಗಳನ್ನು ಟ್ರಂಕಿನ ತಳದಲ್ಲಿಟ್ಟು, ನೋಡೇ ಇಲ್ಲವೆಂಬಂತೆ ಇದ್ದೆ. ಬೆಂಗಳೂರಿನಲ್ಲಿ ನಾನು ಏನು ಮಾಡಿದರೆ ಅವ್ವನಿಗೆ ಹೇಗೆ ಗೊತ್ತಾಗಬೇಕು? ಆದರೆ ಒಂದು ದಿನ ನೀಲಾಳ ಅಣ್ಣ ಏನೋ ಕೆಲಸಕ್ಕೆ ಬಂದವನು, ಅವಳಿಗೆ ಐದನೇ ತಿಂಗಳ ಕುಬಸ ಮಾಡಿ ಉಡಿ ತುಂಬಿದೆವು ಎಂದು ಹೇಳಿ, ಒಂದು ಡಬ್ಬಿ ಧಾರವಾಡದ ಪೇಡೆ ಕೊಟ್ಟು ಹೋದ. ನನಗೆ ಹಿಡಿಸಲಾರದ ಹಿಗ್ಗು. ಹಂಚಿಕೊಳ್ಳಲು ಯಾರಿದ್ದಾರೆ? ಡಬ್ಬಿ ಹಿಡಿದು ಸೀದಾ ಅಂಗಡಿಗೆ ಬಂದೆ. ಕುರ್ಚಿಯ ಮೇಲೆ ಕೂತೆ. ಎಡಗೆನ್ನೆ ಮುಗಿದಿತ್ತು. ಬಲಗೆನ್ನೆಯ ಮೇಲೆ ನೊರೆ. ಇನ್ನು ತಡೆಯಲಾಗದೆ ಸುದ್ದಿ ಹೇಳಿಬಿಟ್ಟೆ.

ಮುನಿಯಪ್ಪನ ಮುಖ ಅರಳಿತು. "ಎಷ್ಟು ತಿಂಗ್ಳು ಸ್ವಾಮಿ?" ಎಂದ.

"ಐದು ತುಂಬಿತು."

ಅವನ ಕೈ ಅಲ್ಲೇ ನಿಂತಿತು. ಕತ್ತಿಯನ್ನು ಮೆಲ್ಲಗೆ ಮಡಚಿ ಮಣೆಯ ಮೇಲಿಟ್ಟ.

ಆಮೇಲೆ ಅಂಗಡಿಯಲ್ಲಿ ನಡೆದದ್ದು ಒಂದು ಪಂಚಾಯಿತಿ. ನನ್ನ ಅರ್ಧ ಮುಖ ಬೋಳು, ಇನ್ನರ್ಧ ನೊರೆ. ಇಲ್ಲಿಗೇ ನಿಲ್ಲಿಸಬೇಕು, ಇನ್ನೊಂದು ಎಳೆ ಕೂದಲು ಬಿದ್ದರೂ ತಪ್ಪು ಎಂದು ಬೆಂಚಿನ ಮೇಲಿದ್ದ ಒಬ್ಬರು. ಹುಟ್ಟುವ ಮಗುವಿನ ಅಪ್ಪ ಅರ್ಧ ಗಡ್ಡದಲ್ಲಿ ಓಡಾಡುವುದು ಒಳ್ಳೆಯದಲ್ಲ ಎಂದು ಕೆಂಪಣ್ಣ. ನಾಳೆ ನಾನು ಕಾರ್ಖಾನೆಗೆ ಹೋಗಬೇಕು ಎಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ. ನೊರೆ ಒಣಗಿ ಕೆನ್ನೆ ಬಿಗಿಯತೊಡಗಿತು. ಕೊನೆಗೆ ಮುನಿಯಪ್ಪ ಗೋಡೆಯ ಪಟಕ್ಕೆ ಕೈಮುಗಿದು, ತಿಳಿಯದೆ ಶುರುಮಾಡಿದ ಕೆಲಸ, ಮುಗಿಸುವುದೇ ಸರಿ ಎಂದು ತೀರ್ಪು ಕೊಟ್ಟು ಬಲಗೆನ್ನೆಯನ್ನೂ ಮುಗಿಸಿದ. ಬಟ್ಟೆ ಕೊಡವುತ್ತಾ ಹೇಳಿದ: "ಇನ್ನು ಹೆರಿಗೆ ಆಗೋವರ್ಗೂ ಈ ಕುರ್ಚಿ ಮೇಲೆ ನಿಮ್ಮನ್ನ ಕೂರ್ಸಲ್ಲ ಸ್ವಾಮಿ." ಎಲ್ಲರೂ ಪೇಡೆ ತಿಂದರು, ಹರಸಿದರು. ನಾನೂ ನಕ್ಕು ಹೊರಟೆ. ಅರ್ಧ ದಾರಿಗೆ ಬಂದಾಗ ತಿಳಿಯಿತು, ನಾಳೆ ಸಂಜೆ ಹೋಗಲು ನನಗೆ ನೆಪವಿಲ್ಲ ಎಂದು.

ಆಗ ನೀಲಾಳ ಹೊಟ್ಟೆಯಲ್ಲಿದ್ದವಳೇ ಹೋದ ತಿಂಗಳು ನನಗೆ ಯಂತ್ರ ತಂದುಕೊಟ್ಟವಳು. ಅಪ್ಪನ ಗಡ್ಡದ ಮೇಲೆ ಅವಳ ಅಧಿಕಾರ ಹುಟ್ಟುವ ಮುಂಚಿನಿಂದಲೇ ಇದೆ.

ನೆಪವಿಲ್ಲದವನು ನೆಪ ಹುಡುಕುತ್ತಾನೆ. ಮೊದಲ ನಾಲ್ಕು ದಿನ ಪತ್ರಿಕೆ ಓದಿ ಹೇಳುವ ನೆಪದಲ್ಲಿ ಹೋದೆ. ಆಮೇಲೆ ಪೆನ್ಸಿಲು ಹೆರೆಯುವ ನನ್ನ ಚೂರಿಯನ್ನು ಹಿಡಿದು ಹೋದೆ, ಸಾಣೆ ಹಿಡಿದುಕೊಡಿ ಎಂದು. ಮುನಿಯಪ್ಪ ಹಿಡಿದುಕೊಟ್ಟ. ಎರಡು ದಿನ ಬಿಟ್ಟು ಮತ್ತೆ ಒಯ್ದೆ. ಒಂದು ತಿಂಗಳಲ್ಲಿ ಆ ಚೂರಿಯ ಅಲಗು ಸವೆದು ಸೂಜಿಯಂತಾಯಿತು. ಆಫೀಸಿನಲ್ಲಿ ಹೊಸ ಚೂರಿ ಕೇಳಿದಾಗ ದೊಡ್ಡ ಗುಮಾಸ್ತರು ನಕ್ಷೆ ಬರೆಯುತ್ತೀಯೋ ಮರ ಕಡಿಯುತ್ತೀಯೋ ಎಂದು ಕೇಳಿದರು. ಅಷ್ಟರಲ್ಲಿ ನನ್ನ ಗಡ್ಡವೂ ಬೆಳೆಯಿತು. ಎರಡು ವರ್ಷ ಕೆನ್ನೆಯಲ್ಲಿ ಕಾಣದಿದ್ದ ಕೂದಲು ಈಗ ಹಟ ಹಿಡಿದು ಬಂತು, ಅದೂ ಒಂದು ಕಡೆ ಪೊದೆ, ಒಂದು ಕಡೆ ಬಯಲು.

ಇಲ್ಲಿ ಕ್ಷೌರದಂಗಡಿಯ ಒಂದು ಕಾನೂನನ್ನು ಹೇಳಬೇಕು. ಅಲ್ಲಿ ಚೀಟಿ ಇಲ್ಲ, ಹೆಸರು ಬರೆಯುವುದಿಲ್ಲ. ಬೆಂಚೇ ಸರದಿ. ಬಂದವನು ಬೆಂಚಿನ ಮೇಲೆ ಎಷ್ಟು ತಲೆ ಇವೆ ನೋಡುತ್ತಾನೆ, ಕಡಿಮೆಯಿದ್ದರೆ ಕೂರುತ್ತಾನೆ, ಹೆಚ್ಚಿದ್ದರೆ ಹೋಗುತ್ತಾನೆ. ಕೆಂಪಣ್ಣ ಹೊಸ್ತಿಲಲ್ಲಿ ಕೂರುವುದರಿಂದ ಅವರ ತಲೆ ಲೆಕ್ಕಕ್ಕಿಲ್ಲ. ನನ್ನ ತಲೆಯೋ, ಬೆಂಚಿನ ನಡುವೆ, ಕಾಡುಗಡ್ಡದೊಡನೆ. ನೋಡಿದವರಿಗೆ ಇವನೊಬ್ಬನಿಗೇ ಅರ್ಧ ಗಂಟೆ ಬೇಕಾದೀತು ಎನ್ನಿಸುವುದು ಸಹಜ. ಒಂದು ಸಂಜೆ ಖಾಕಿ ತೊಟ್ಟವನೊಬ್ಬ ಸೈಕಲ್ಲಿನಿಂದ ಇಳಿದು, ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಬೆಂಚು ನೋಡಿದ, ನನ್ನ ಗಡ್ಡ ನೋಡಿದ, ಮತ್ತೆ ಸೈಕಲ್ಲು ಹತ್ತಿದ. ಅವನು ತಿರುಗಿದ್ದು ಹೊಸದಾಗಿ ರೇಡಿಯೋ ಇಟ್ಟಿದ್ದ ಇನ್ನೊಂದು ಅಂಗಡಿಯ ಕಡೆಗೆ. ಆ ವಾರ ಹಾಗೆ ಹೋದವರಲ್ಲಿ ಅವನು ಮೂರನೆಯವನು. ಮುನಿಯಪ್ಪ ಕುರ್ಚಿಯನ್ನು ಒರೆಸುತ್ತಿದ್ದ. ಅವನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ನನ್ನ ಒಂಟಿತನಕ್ಕೆ ಅವನ ಅನ್ನವನ್ನು ನಾನು ತಿನ್ನುತ್ತಿದ್ದೇನೆ ಎನ್ನಿಸಿತು. ಎದ್ದು, ಬರ್ತೀನಿ ಎಂದು ಹೇಳಿ ಹೊರಟೆ. ಮರುದಿನ ಹೋಗಲಿಲ್ಲ.

ಹೋಗದೆ ಇದ್ದದ್ದು ಎಂಟು ದಿನ. ಸಂಜೆ ಅತ್ತಿಗುಪ್ಪೆಯ ದಿಕ್ಕಿಗೆ ಹೊಲದ ಬದುವಿನ ಮೇಲೆ ನಡೆದುಹೋಗಿ, ಎಮ್ಮೆಗಳು ಮನೆಗೆ ಹೋಗುವುದನ್ನು ನೋಡಿಕೊಂಡು ಬರುತ್ತಿದ್ದೆ. ಮನೆಗೆ ಬಂದು ಸ್ಟೌವಿಗೆ ಗಾಳಿ ಹಾಕುತ್ತಾ ಅದರೊಡನೆ ಮಾತಾಡುತ್ತಿದ್ದೆ. ಹತ್ತು ಎಂದರೆ ಹತ್ತದು, ಮುನಿಸು ಯಾಕೆ ಎಂದು ಕೇಳುತ್ತಿದ್ದೆ. ನೀಲಾ ಮರೆತುಹೋಗಿದ್ದ ಒಂದು ತಲೆಪಿನ್ನು ಕಿಟಕಿಯಲ್ಲಿತ್ತು, ಅದನ್ನು ತೆಗೆದು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದೆ. ಇದರಲ್ಲಿ ಹೇಳಿಕೊಳ್ಳುವಂಥ ದುಃಖವೇನೂ ಇರಲಿಲ್ಲ. ಯಾರೂ ಸತ್ತಿರಲಿಲ್ಲ, ಕೆಲಸ ಹೋಗಿರಲಿಲ್ಲ. ಆದರೆ ಎದೆಯ ಮೇಲೆ ಯಾರೋ ಕೂತ ಹಾಗೆ ಇರುತ್ತಿತ್ತು. ಕೆಲಸ ಬಿಟ್ಟು ಊರಿಗೆ ಹೋಗಿಬಿಡಬೇಕು ಎಂದು ನಿಶ್ಚಯಿಸಿ ರಾಜೀನಾಮೆಯ ಕಾಗದವನ್ನೂ ಬರೆದೆ. ಕಾರಣ ಎಂಬಲ್ಲಿ ಏನು ಬರೆಯಬೇಕೋ ತಿಳಿಯದೆ ಅಷ್ಟಕ್ಕೇ ನಿಲ್ಲಿಸಿದ್ದೆ.

ಒಂಬತ್ತನೆಯ ದಿನ ಮಂಗಳವಾರ, ಮುನಿಯಪ್ಪನ ರಜ. ಕಾರ್ಖಾನೆಯಿಂದ ಬಂದಾಗ ನನ್ನ ಮನೆಯ ಮೆಟ್ಟಿಲ ಮೇಲೆ ಅವನು ಕೂತಿದ್ದ. ಒಗೆದ ಅಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿದ್ದ. ಕತ್ತಿ ಕತ್ತರಿ ಇಡುವ ಹಡಪ ಇರಲಿಲ್ಲ. ಕೆಲಸವಿಲ್ಲದ ಅವನ ಕೈಗಳನ್ನು ನಾನು ಅದೇ ಮೊದಲು ನೋಡಿದ್ದು.

"ಮೈಗೆ ಹುಷಾರಿಲ್ವಾ ಸ್ವಾಮಿ? ಎಂಟು ದಿನ ಆಯ್ತು, ಕಾಣ್ಲಿಲ್ಲ" ಎಂದ.

ಓವರ್‌ಟೈಮು ಎಂದೆ. ತಲೆನೋವು ಎಂದೆ. ಒಳಗೆ ಕರೆದು ಚಾಪೆ ಹಾಸಿದೆ. ಸ್ಟೌವು ಹತ್ತಿಸಲು ಹೋದರೆ ಅದು ಹತ್ತಲಿಲ್ಲ. ಅವನು ಸುಮ್ಮನೆ ಕೂತು ಕಾಯುತ್ತಿದ್ದ, ಅಂಗಡಿಯಲ್ಲಿ ಕತ್ತಿ ಎತ್ತಿ ಕಾಯುತ್ತಿದ್ದ ಹಾಗೆಯೇ. ನನಗೆ ಏನಾಯಿತೋ ತಿಳಿಯದು. ಎರಡು ವರ್ಷ ಕಷ್ಟಪಟ್ಟು ಕಲಿತ ಬೆಂಗಳೂರಿನ ಮಾತು ಬಾಯಿಂದ ಜಾರಿಹೋಗಿ ನಮ್ಮವ್ವನ ಮಾತು ಬಂತು.

"ಮನ್ಯಾಗ ಯಾರೂ ಇಲ್ಲರೀ ಮುನಿಯಪ್ಪಾರ. ನನಗ ಒಬ್ಬಾವನ ಇರಾಕ ಆಗವಲ್ದು. ಗಡ್ಡಕ್ಕ ಅಂತ ನಾ ಎಂದೂ ನಿಮ್ಮ ಅಂಗಡಿಗೆ ಬಂದಿಲ್ಲ. ಮಾತಾಡಾಕ ಬರ್ತಿದ್ನಿ."

ಹೇಳಿ ಮುಗಿಸಿ ಸ್ಟೌವಿನ ಕಡೆ ತಿರುಗಿಕೊಂಡೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ.

"ಗೊತ್ತು ಸ್ವಾಮಿ" ಎಂದ. "ದಿನಾ ಎಲ್ಲಿಂದ ಬರ್ಬೇಕು ಗಡ್ಡ? ವಾರದಲ್ಲಿ ಎರಡು ದಿವ್ಸ ಕತ್ತಿ ಬಾಯಿ ಹಿಡೀತಿದ್ದೆ. ಮಿಕ್ಕ ದಿವ್ಸ ಸೋಪು ಹಚ್ಚಿ ಕತ್ತಿ ಬೆನ್ನಲ್ಲಿ ಎಳೀತಿದ್ದೆ. ಇಲ್ದೆ ಇದ್ರೆ ನಿಮ್ಮ ಚರ್ಮ ಉಳೀತಿತ್ತಾ?"

ನಾನು ತಿರುಗಿ ನೋಡಿದೆ. ಒಂದು ವರ್ಷದ ಸಂಜೆಗಳು ಕಣ್ಣಮುಂದೆ ಬಂದವು. ಆ ಗಾಂಭೀರ್ಯ, 'ಸ್ವಲ್ಪ ಗಲ್ಲ ಎತ್ತಿ' ಎನ್ನುವುದು, ಕೊನೆಗೆ ಪಟಿಕ ಉಜ್ಜುವುದು. ಇಲ್ಲದ ಗಡ್ಡವನ್ನು ಇವನು ನನಗಾಗಿ ಅಷ್ಟು ಶ್ರದ್ಧೆಯಿಂದ ತೆಗೆದಿದ್ದ.

"ಮತ್ತ ಯಾಕ ಹೇಳ್ಲಿಲ್ಲ ನೀವು?"

"ಹೇಳಿದ್ರೆ ನೀವು ಬರ್ತಾ ಇದ್ರಾ?" ಎಂದ ಮುನಿಯಪ್ಪ.

ಆಮೇಲೆ ಸ್ಟೌವು ಹತ್ತಿತು. ಕಾಫಿ ಕುಡಿಯುತ್ತಾ ಅವನು ತನ್ನ ಮಾತನ್ನೂ ಹೇಳಿದ. ಹೊಲ ಹೋದ ಮೇಲೆ ಅವನ ಹಳ್ಳಿಯ ಅರ್ಧ ಮನೆಗಳು ಬ್ಯಾಡರಹಳ್ಳಿಯ ಕಡೆಗೋ ಇನ್ನೆಲ್ಲಿಗೋ ಹೋಗಿದ್ದವು. ಅಪ್ಪನ ಕಾಲದಿಂದ ಕೈಯಾಡಿಸಿದ ತಲೆಗಳು ಒಂದೊಂದಾಗಿ ಕಾಣದಾಗಿದ್ದವು. ಅಂಗಡಿ ಇಟ್ಟ ಹೊಸದರಲ್ಲಿ ಇಡೀ ದಿನ ಕೂತು, ಎರಡು ಕನ್ನಡಿಯಲ್ಲಿ ತನ್ನದೇ ಬೆನ್ನು ನೋಡಿಕೊಂಡು ಎದ್ದುಹೋದದ್ದೂ ಉಂಟಂತೆ. ಗಿರಾಕಿಗಳು ನನ್ನಿಂದ ತಿರುಗಿಹೋಗುತ್ತಿರುವ ಸಂಗತಿಯನ್ನು ನಾನೇ ಎತ್ತಿದೆ. ಇವತ್ತು ಹೋದವರು ನಾಳೆ ಬರುತ್ತಾರೆ, ಗಡ್ಡ ಎಲ್ಲಿಗೆ ಹೋಗುತ್ತದೆ ಎಂದು ಅವನು ತಳ್ಳಿಹಾಕಿದ. ಹೊರಡುವಾಗ ಮಾತ್ರ, ಕೆಂಪಣ್ಣ ದಿನಾ ತಲೆ ತಿನ್ನುತ್ತಿದ್ದಾರೆ, ಅವರೆ ಹೊಲದವನು ಎಲ್ಲಿ, ಏನಾದ ಎಂದು, ನಾಳೆ ಬಂದು ನೀವೇ ಉತ್ತರ ಹೇಳಿಕೊಳ್ಳಿ ಎಂದ.

ಒಮ್ಮೆ ಬಾಯಿ ಬಿಟ್ಟ ಮೇಲೆ ಧೈರ್ಯ ಬರುತ್ತದೆ. ಮರುದಿನ ಬೆಳಿಗ್ಗೆಯೇ ನೀಲಾಳಿಗೆ, ಇಷ್ಟು ದಿನ ಕ್ಷೇಮ ಎಂದು ಬರೆದದ್ದು ಸುಳ್ಳು, ನೀನಿಲ್ಲದೆ ಒಬ್ಬನೇ ಇರಲು ಆಗುತ್ತಿಲ್ಲ ಎಂದು ಬರೆದು ಟಪಾಲು ಡಬ್ಬಿಗೆ ಹಾಕಿದೆ. ಹಾಕಿದ ಮೇಲೆ ನೆನಪಾಯಿತು, ಬರೆದದ್ದು ತೆರೆದ ಅಂಚೆ ಕಾರ್ಡಿನ ಮೇಲೆ. ಮಾವನವರಿಗೆ ಬಂದ ಕಾರ್ಡನ್ನೆಲ್ಲ ಪಡಸಾಲೆಯಲ್ಲಿ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದುವ ಅಭ್ಯಾಸ. ಓದಿದರಂತೆ, ಕೊನೆಯ ಸಾಲಿನವರೆಗೂ, ಆಳುಮಕ್ಕಳು ಕೇಳುವ ಹಾಗೆ. ನೀಲಾ ಅಡುಗೆಮನೆಯಿಂದ ಎರಡು ದಿನ ಹೊರಗೆ ಬರಲಿಲ್ಲವಂತೆ. ಆದರೆ ಅವಳಿಂದ ಮುಚ್ಚಿದ ಕಾಗದದಲ್ಲಿ ಉತ್ತರ ಬಂತು: "ಇಷ್ಟು ಮಂದಿ ನಡುವ ಕುಂತ್ರೂ ನನಗೂ ಹಂಗ ಆಗತೈತಿ. ಹೇಳಾಕ ನಾಚಿಕಿ ಬಂದು ಸುಮ್ಮನಿದ್ದೆ. ನೀವು ಹೇಳಿದ್ದು ಚಲೋ ಆತು." ರಾಜೀನಾಮೆಯ ಕಾಗದದ ಹಿಂಬದಿಯಲ್ಲಿ ನಾನು ಅವಳಿಗೆ ಮತ್ತೆ ಬರೆದೆ. ಕಾಗದ ಹಾಳಾಗಬಾರದಲ್ಲ.

ಆದರೆ ನಾನು ಹೇಳಹೊರಟದ್ದು ಆ ಬುಧವಾರದ ಸಂಜೆಯ ಬಗ್ಗೆ. ಕಾರ್ಖಾನೆ ಬಿಟ್ಟ ಮೇಲೆ ಓಡಲಿಲ್ಲ, ನಡೆದೇ ಹೋದೆ. ಅಂಗಡಿಯ ಬಾಗಿಲ ಪಕ್ಕದಲ್ಲಿ, ತಗಡಿನ ನೆರಳಿನಲ್ಲಿ, ಹಿಂದೆ ಇಲ್ಲದ ಒಂದು ಉದ್ದನೆಯ ಚಪ್ಪಡಿ ಕಲ್ಲು ಇತ್ತು. ಕೆಂಪಣ್ಣನವರ ಹೊಲದ ಬಾವಿಯನ್ನು ರಸ್ತೆಗಾಗಿ ಮುಚ್ಚಿದ್ದರು. ಬಾವಿಯ ಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ಅವರ ಮಗ ಅಂದು ಮಧ್ಯಾಹ್ನ ಗಾಡಿಯಲ್ಲಿ ತಂದು ಹಾಕಿದ್ದ. ಕೆಂಪಣ್ಣ ಅದರ ಒಂದು ಕೊನೆಯಲ್ಲಿ ಕೂತಿದ್ದರು. ನಾನು ಅಭ್ಯಾಸದ ಹಾಗೆ ಒಳಗಿನ ಬೆಂಚಿನ ಕಡೆಗೆ ಹೊರಟೆ.

"ಅಲ್ಯಾಕೆ ಓಯ್ತೀಯ? ಅದು ಸರದಿಗೆ ಕಾಯೋರ್ದು" ಎಂದು ಅವರು ಪಂಚೆ ಸರಿಸಿ ಜಾಗ ಮಾಡಿದರು. "ಇಲ್ಲಿ ಕುತ್ಕ."

ಕೂತೆ. ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲು ಇನ್ನೂ ಬೆಚ್ಚಗಿತ್ತು. ಎಂಟು ದಿನ ಎಲ್ಲಿದ್ದೆ ಎಂದು ಅವರು ಕೇಳಲಿಲ್ಲ, ಎಲೆಯಡಿಕೆ ಚೀಲ ಮುಂದಕ್ಕೆ ನೂಕಿದರು. ಒಳಗೆ ಮುನಿಯಪ್ಪ ಯಾರದೋ ಗದ್ದ ಎತ್ತಿ ಹಿಡಿದು, ಅವರೂರಿನಲ್ಲಿ ಮಳೆ ಹೇಗೆ ಎಂದು ವಿಚಾರಿಸುತ್ತಿದ್ದ. ಹೊತ್ತು ಇಳಿಯುತ್ತಿತ್ತು, ದೀಪಕ್ಕೆ ಇನ್ನೂ ಸಮಯವಿತ್ತು.

ಅಷ್ಟರಲ್ಲಿ ಸಾಲುಮನೆಗೆ ಹೊಸದಾಗಿ ಬಂದವನಂತೆ ಕಂಡ ಒಬ್ಬ ತರುಣ ಬಂದು ನಿಂತ. ಬೆಂಚು ಖಾಲಿ ಇತ್ತು. ಅವನು ಕಲ್ಲಿನ ಮೇಲಿದ್ದ ನನ್ನ ಗಡ್ಡವನ್ನು ನೋಡಿ ಅನುಮಾನಿಸಿ, "ಇವರದು ಆದ್ಮೇಲೆ ನಂದಾ?" ಎಂದು ಒಳಗೆ ಕೇಳಿದ.

ಮುನಿಯಪ್ಪ ಕತ್ತಿಯಿಂದ ಕಣ್ಣೆತ್ತಲಿಲ್ಲ.

"ಇಲ್ಲ ಸ್ವಾಮಿ, ಅವ್ರು ನಮ್ಮೋರು. ನೀವು ಬಂದು ಕೂತ್ಕೊಳ್ಳಿ" ಎಂದ.

ತರುಣ ಸರಿ ಎಂದು ತಲೆಯಾಡಿಸಿ ನನ್ನನ್ನು ದಾಟಿಕೊಂಡು ಒಳಗೆ ಹೋದ. ಕೆಂಪಣ್ಣನನ್ನು ಹೇಗೆ ನೋಡಲಿಲ್ಲವೋ ಹಾಗೆಯೇ, ಅಂಗಡಿಯ ಬಾಗಿಲನ್ನೋ ತಗಡನ್ನೋ ದಾಟಿ ಹೋಗುವ ಹಾಗೆ, ನನ್ನನ್ನೂ ಮತ್ತೆ ತಿರುಗಿ ನೋಡಲಿಲ್ಲ.